ನಿಮಗಿದು ಗೊತ್ತೆ? ಜಾತಿಯನ್ನು ಒರೆಗೆ ಹಚ್ಚಿದವರು ನಿಪ್ಪಾಣಿಗೆ ಬಂದಿದ್ದರು

ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ನಡೆದ ಬಹಿಷ್ಕೃತ ವರ್ಗಗಳ ಪ್ರಾಂತೀಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು, ಅದಕ್ಕೆ ಒಂಬತ್ತು ವರ್ಷ ಮೊದಲೇ ನ್ಯೂಯಾರ್ಕ್‌ನಲ್ಲಿ ಕೂತು ಜಾತಿ ಕುರಿತ ನಾಲ್ವರು ವಿದ್ವಾಂಸರ ಸಿದ್ಧಾಂತಗಳನ್ನು ಒರೆಗೆ ಹಚ್ಚಿದ್ದರು! ಅವರು ಡಾ. ಬಿ.ಆರ್. ಅಂಬೇಡ್ಕರ್.

ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿ. 1916ರ ಮೇ 9. ಆಗ ಅವರಿಗೆ ಬರೀ 25 ವರ್ಷ. ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತಕರ್ ಕೊಟ್ಟ ವ್ಯಾಖ್ಯೆಗಳನ್ನು ಒಂದೊಂದಾಗಿ ತೂಗಿ ನೋಡಿದರು. ಮಡಿ–ಮೈಲಿಗೆಯಾಗಲಿ, ಬೇರೆಯವರೊಡನೆ ಉಣ್ಣದಿರುವುದಾಗಲಿ ಜಾತಿಯ ತಿರುಳಲ್ಲ ಎಂದರು. ಹಾಗಾದರೆ ತಿರುಳು ಯಾವುದು? ಜಾತಿಯೊಳಗೇ ಮದುವೆ. ಬಾಗಿಲು ಹಾಕಿಕೊಂಡ ವರ್ಗವೇ ಜಾತಿ ಎಂಬುದು ಅವರ ವಾದ. ಮೊದಲು ಪುರೋಹಿತ ವರ್ಗ ಬಾಗಿಲು ಹಾಕಿತು, ಉಳಿದವರು ಅನುಕರಿಸಿದರು. ಅನುಕರಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎನ್ನಲು ಅವರು ನೆಚ್ಚಿದ್ದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ತಾರ್ದ್‌ನನ್ನು.

ಈ ಅನುಕರಣೆಯ ಮಾತಿಗೆ ತೀರ ಹತ್ತಿರದ ವಿಚಾರವನ್ನು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ, ಕೊಡವರ ಕುರಿತ ಪುಸ್ತಕದಲ್ಲಿ ಮಂಡಿಸಿದರು. ಅದಕ್ಕೆ ಸಂಸ್ಕೃತೀಕರಣ ಎಂಬ ಹೆಸರು ಬಿತ್ತು. ಪಠ್ಯಪುಸ್ತಕ ಓದಿದವರಿಗೆ ನೆನಪಿರುವುದು ಈ ಹೆಸರೇ. ಅದಕ್ಕೂ 36 ವರ್ಷ ಮೊದಲು ಅಂಬೇಡ್ಕರ್ ಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧವಲ್ಲ.