ಅಭ್ಯಾಸವೂ ಸಾಧಕವೂ

“ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸಂಗೀತ ಕಲಿಯುವ ಮಕ್ಕಳನ್ನು ಹುರಿದುಂಬಿಸುವಾಗ ಹಿರಿಯರು ಸಾಮಾನ್ಯವಾಗಿ ಇದರ ಮೊದಲರ್ಧವನ್ನು ಹೇಳಿ ನಿಲ್ಲಿಸುತ್ತಾರೆ. ಎರಡನೆಯ ಅರ್ಧದ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಆದರೆ ಗಾದೆಯ ಜಾಣ್ಮೆ ಇರುವುದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಲ್ಲಿ. ಮತ್ತೆ ಮತ್ತೆ ಮಾಡಿದ್ದು ನಮ್ಮಲ್ಲಿ ನೆಲೆಯೂರುತ್ತದೆ. ಅದು ರಾಗವಾಗಿಯೇ ನೆಲೆಯೂರಬೇಕೆಂಬ ನಿಯಮವೇನೂ ಇಲ್ಲ. ಹಾಗಾದರೆ ಎಂಥ ಪುನರಾವರ್ತನೆ ರಾಗಕ್ಕೆ ಒಯ್ಯುತ್ತದೆ, ಎಂಥದು ರೋಗಕ್ಕೆ? ಈ ಪ್ರಶ್ನೆಯನ್ನು ಗಿಟಾರ್ ವಾದ್ಯದ ನೆಪದಲ್ಲಿ ಸ್ವಲ್ಪ ಪರಿಶೀಲಿಸೋಣ.

ವೀಣೆಯ ನಾಡಿನಲ್ಲಿ ಗಿಟಾರಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಾನಿರುವ ಕೆಂಗೇರಿ ಉಪನಗರದಲ್ಲಿ ಸಂಜೆ ಒಂದು ಸುತ್ತು ನಡೆದುಬಂದರೆ ಉತ್ತರ ತಾನಾಗಿ ದೊರೆಯುತ್ತದೆ. ಯಾವುದೋ ಮಹಡಿಯ ಕಿಟಕಿಯಿಂದ, ಯಾವುದೋ ತಾರಸಿಯಿಂದ ಗಿಟಾರಿನ ದನಿ ಕೇಳಿಬರುತ್ತದೆ. ನುಡಿಸುವವರಲ್ಲಿ ಕಾಲೇಜಿನ ಹುಡುಗ ಹುಡುಗಿಯರಿದ್ದಾರೆ, ಕಚೇರಿಯಿಂದ ದಣಿದು ಬಂದ ಗೃಹಸ್ಥರೂ ಇದ್ದಾರೆ. ಹಲವು ಮನೆಗಳಲ್ಲಿ ಈ ಉತ್ಸಾಹ ಬಹುಕಾಲ ಬಾಳುವುದಿಲ್ಲ. ವಾದ್ಯ ಚೀಲದೊಳಗೆ ಸೇರಿ ಬೀರುವಿನ ಮೇಲಕ್ಕೆ ಏರುತ್ತದೆ. “ನನಗೆ ಸಂಗೀತದ ಯೋಗವಿಲ್ಲ” ಎಂಬ ತೀರ್ಪು ಹೊರಬೀಳುತ್ತದೆ. ವಾದ್ಯಕ್ಕೆ ಕೊಟ್ಟ ಹಣ ಹೋದದ್ದು ದೊಡ್ಡ ನಷ್ಟವಲ್ಲ. ವಿಚಾರಣೆಯನ್ನೇ ನಡೆಸದೆ ತನ್ನ ಮೇಲೆ ತಾನೇ ಕೊಟ್ಟುಕೊಂಡ ಆ ತೀರ್ಪು ಮನುಷ್ಯನನ್ನು ಜೀವಮಾನವಿಡೀ ಹಿಂಬಾಲಿಸುತ್ತದೆ. ಅದರ ನ್ಯಾಯಾನ್ಯಾಯವನ್ನು ತೂಗಿ ನೋಡುವುದು ಅಗತ್ಯ.

ನಾನು ಕನ್ನಡ ಪಾಠ ಹೇಳಿದವನು, ಗಿಟಾರ್ ವಾದಕನಲ್ಲ. ಕಲಿಯುವ ಮಕ್ಕಳ ಬಳಿ ಕುಳಿತು ಅವರ ಬೆರಳುಗಳನ್ನು ನೋಡಿದವನು. ಆದ್ದರಿಂದ ಮೊದಲು ಶಬ್ದಗಳ ಮಾತು. ನಮ್ಮ ನುಡಿಯಲ್ಲಿ ‘ಅಭ್ಯಾಸ’ ಎಂಬುದಕ್ಕೆ ಎರಡು ಅರ್ಥಗಳುಂಟು. ಪಾಠವನ್ನು ಅಭ್ಯಾಸ ಮಾಡುವುದು ಒಂದು. “ಅವರಿಗೆ ಎರಡು ಹೊತ್ತು ಕಾಫಿಯ ಅಭ್ಯಾಸ” ಎನ್ನುವಾಗಿನ ಅರ್ಥ ಇನ್ನೊಂದು. ಮೊದಲನೆಯದರಲ್ಲಿ ಎಚ್ಚರವಿದೆ, ಎರಡನೆಯದರಲ್ಲಿ ಎಚ್ಚರ ಬೇಕಾಗಿಯೇ ಇಲ್ಲ. ಮೊದಲನೆಯದು ನಮಗರಿವಿಲ್ಲದಂತೆ ಎರಡನೆಯದಾಗಿ ಮಾರ್ಪಡುವುದೇ ಕಲಿಕೆಯ ದೊಡ್ಡ ಅಪಾಯ. ನಮ್ಮ ಸಂಗೀತಗಾರರು ಬಳಸುವ ‘ಸಾಧಕ ಮಾಡುವುದು’ ಎಂಬ ಮಾತು ಈ ದೃಷ್ಟಿಯಿಂದ ಹೆಚ್ಚು ಸಮರ್ಪಕವಾದದ್ದು. ಸಾಧಕ ಎಂದೊಡನೆ ಸಾಧಿಸಬೇಕಾದದ್ದು ಏನು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಗುರಿ ಇರಲೇಬೇಕು.

ಒಂದು ನಿದರ್ಶನದಿಂದ ಇದು ಸ್ಪಷ್ಟವಾದೀತು. ಗಿಟಾರ್ ಕಲಿಯುವವರು ಮೊದಲು ಎಡವುವ ಪ್ರಸಿದ್ಧ ಸ್ಥಳವೆಂದರೆ ‘ಸಿ’ ಎಂಬ ಕಾರ್ಡಿನಿಂದ ‘ಎಫ್’ ಎಂಬ ಕಾರ್ಡಿಗೆ ದಾಟುವುದು. ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮಿಡಿಯುವ ಕೂಟ. ‘ಎಫ್’ ಹಿಡಿಯುವಾಗ ತೋರುಬೆರಳು ಮೊದಲನೆಯ ಮೆಟ್ಟಿಲಿನಲ್ಲಿ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕು. ಕಲಿಯುವವನು ಹಾಡನ್ನು ಆರಂಭಿಸುತ್ತಾನೆ, ಈ ತಿರುವಿನಲ್ಲಿ ತಡವರಿಸುತ್ತಾನೆ, ಹೇಗೋ ದಾಟಿ ಮುಂದೆ ಹೋಗುತ್ತಾನೆ. ಮುಗಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ಒಂದು ಗಂಟೆಯಲ್ಲಿ ಇಪ್ಪತ್ತು ಸಲ ಹಾಡಾಯಿತು ಎಂಬುದು ಅವನ ಲೆಕ್ಕ. ಕೈಯ ಲೆಕ್ಕ ಬೇರೆ: ಇಪ್ಪತ್ತು ಸಲ ತಡವರಿಸುವುದನ್ನು ಅದು ಕಲಿತುಕೊಂಡಿತು. ಇದು ಸರಿ, ಇದು ತಪ್ಪು ಎಂದು ಆರಿಸಿ ನೆನಪಿಟ್ಟುಕೊಳ್ಳುವ ವಿವೇಕ ಸ್ನಾಯುಗಳಿಗಿಲ್ಲ.

ಇದೇ ಹುಡುಗ ಹಾಡನ್ನು ಬದಿಗಿಟ್ಟು, ಆ ತಿರುವನ್ನು ಮಾತ್ರ ಎತ್ತಿಕೊಂಡು, ಯಾವ ಬೆರಳು ತಡವಾಗಿ ಬರುತ್ತಿದೆ ಎಂದು ನೋಡಿದರೆ ಒಂದು ಸ್ವಾರಸ್ಯವಾದ ಸಂಗತಿ ಕಾಣುತ್ತದೆ. ‘ಸಿ’ ಕಾರ್ಡಿನಲ್ಲಿ ಉಂಗುರದ ಬೆರಳು ಐದನೆಯ ತಂತಿಯ ಮೂರನೆಯ ಮೆಟ್ಟಿಲಿನಲ್ಲಿರುತ್ತದೆ. ‘ಎಫ್’ ಕಾರ್ಡಿನ ವಾಡಿಕೆಯ ಹಿಡಿತದಲ್ಲಿಯೂ ಅದರ ಸ್ಥಾನ ಅದೇ. ಎಂದರೆ ಆ ಬೆರಳನ್ನು ಎತ್ತಬೇಕಾಗಿಯೇ ಇಲ್ಲ. ಅದನ್ನು ಗೂಟದಂತೆ ನೆಟ್ಟು, ಮಿಕ್ಕ ಬೆರಳುಗಳು ಅದರ ಸುತ್ತ ಜರುಗಿದರೆ ಸಾಕು. ನಾಲ್ಕು ಬೆರಳುಗಳನ್ನೂ ಎತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದವನ ಕಷ್ಟ ಇಲ್ಲಿಗೆ ಅರ್ಧವಾದಂತಾಯಿತು. ಇಪ್ಪತ್ತು ಸಲದ ಹಾಡು ಹೇಳಿಕೊಡದಿದ್ದುದನ್ನು ಎರಡು ನಿಮಿಷದ ನೋಟ ಹೇಳಿಕೊಟ್ಟಿತು. ಹಳಗನ್ನಡ ಪದ್ಯವನ್ನು ಹತ್ತು ಬಾರಿ ರಾಗವಾಗಿ ಓದಿದರೂ ಅರ್ಥವಾಗದೆ ಉಳಿದದ್ದು, ತೊಡಕಾದ ಒಂದು ಸಂಧಿಯನ್ನು ಬಿಡಿಸಿದೊಡನೆ ತಿಳಿಯಾಗುವುದನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿಯ ನ್ಯಾಯವೇ ಇಲ್ಲಿಯದೂ.

ಕಷ್ಟವನ್ನು ಹೀಗೆ ಬಿಡಿಬಿಡಿಯಾಗಿ ಎದುರಿಸುವ ವಿದ್ಯೆ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದ ಪ್ರಾರಂಭಿಕ ಪಾಠಕ್ರಮವನ್ನು 16ನೆಯ ಶತಮಾನದ ಪುರಂದರದಾಸರು ರೂಪಿಸಿದರೆಂಬುದು ಪರಂಪರೆಯ ನಂಬಿಕೆ. ಸರಳೆವರಿಸೆ, ಜಂಟಿವರಿಸೆ, ದಾಟುವರಿಸೆ, ಅಲಂಕಾರ, ಗೀತೆ ಎಂಬ ಈ ಸೋಪಾನವನ್ನು ನೋಡಿ: ಮೊದಲು ಸ್ವರಗಳ ಸಾಲು, ಅನಂತರ ಸ್ವರದ ಜೋಡಿ, ಅನಂತರ ಸ್ವರದಿಂದ ಸ್ವರಕ್ಕೆ ಜಿಗಿತ, ಅನಂತರ ತಾಳಗಳ ವೈವಿಧ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದೇ ಹೊಸ ಕಷ್ಟ. ಆರಂಭಕ್ಕೆ ಮಾಯಾಮಾಳವಗೌಳ ರಾಗವನ್ನು ಇಟ್ಟಿರುವುದರಲ್ಲಿಯೂ ಔಚಿತ್ಯವಿದೆ. ಗಿಟಾರಿನ ಯಾವುದಾದರೂ ಒಂದು ತಂತಿಯ ಒತ್ತದ ನಾದವನ್ನು ಷಡ್ಜವೆಂದು ಇಟ್ಟುಕೊಂಡು, ಅದೇ ತಂತಿಯಲ್ಲಿ 1, 4, 5, 7, 8, 11, 12ನೆಯ ಮೆಟ್ಟಿಲುಗಳನ್ನು ಕ್ರಮವಾಗಿ ಒತ್ತಿ ಮೀಟಿದರೆ ಈ ರಾಗದ ಆರೋಹಣ ದೊರೆಯುತ್ತದೆ. ಷಡ್ಜದಿಂದ ಮಧ್ಯಮದವರೆಗಿನ ಅಂತರಗಳೇ ಪಂಚಮದಿಂದ ಮೇಲಿನ ಷಡ್ಜದವರೆಗೆ ಮತ್ತೆ ಬರುತ್ತವೆ. ಅರ್ಧ ಕಲಿತರೆ ಉಳಿದರ್ಧದ ಅಚ್ಚು ಸಿದ್ಧವಾದಂತೆ. ಇದನ್ನು ಮೂರು ಕಾಲಗಳಲ್ಲಿ ನುಡಿಸುವ ಕಟ್ಟುಪಾಡು ವೇಗವನ್ನು ಅಳತೆಗೆ ಒಳಪಡಿಸುತ್ತದೆ.

ಪಶ್ಚಿಮದ ಗಿಟಾರ್ ಗುರುಗಳು ಹಿಡಿದ ದಾರಿಯೂ ಇದರಂಥದೇ. ಸ್ಪೇನಿನ ಫರ್ನಾಂಡೊ ಸೋರ್, ಇಟಲಿಯ ಮಟ್ಟೆಯೊ ಕಾರ್ಕಾಸಿ ಮೊದಲಾದವರು 19ನೆಯ ಶತಮಾನದಲ್ಲಿ ಗಿಟಾರಿಗಾಗಿ ಅಭ್ಯಾಸಕೃತಿಗಳನ್ನು ರಚಿಸಿದರು. ಕೈಯ ಯಾವುದಾದರೊಂದು ತೊಡಕನ್ನು ಬಿಡಿಸುವ ಉದ್ದೇಶ ಇಂಥ ಕೃತಿಗಳ ಹಿಂದಿರುತ್ತದೆ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ 1852ರಲ್ಲಿಯೇ ಸ್ಪೇನಿನಲ್ಲಿ ಗಿಟಾರಿನ ಮಹಾವಾದಕ ಫ್ರಾನ್ಸಿಸ್ಕೊ ತಾರೆಗಾ ಹುಟ್ಟಿದರೆಂಬುದು ಕಾಕತಾಳೀಯವಿರಬಹುದು. ವಾದ್ಯಗಳೆರಡೂ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತಿ ನುಡಿಸುವ ಒಂದೇ ಕುಲದವು ಎಂಬುದು ಮಾತ್ರ ಕಾಕತಾಳೀಯವಲ್ಲ.

ಪರಂಪರೆ ಅನುಭವದಿಂದ ಕಂಡುಕೊಂಡದ್ದನ್ನು ಮನಶ್ಶಾಸ್ತ್ರ ಪರೀಕ್ಷಿಸಿ ನೋಡಿದೆ. ಸ್ವೀಡನ್ನಿನ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಪ್ರಖ್ಯಾತವಾದದ್ದು. ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಅವರು ವಿಚಾರಿಸಿದರು. ಹದಿನೆಂಟು ವರ್ಷ ತುಂಬುವ ಹೊತ್ತಿಗೆ ಅತ್ಯುತ್ತಮರು ಒಬ್ಬರೇ ಕುಳಿತು ಮಾಡಿದ ಸಾಧಕ ಸರಾಸರಿ 7,400 ಗಂಟೆ, ಉತ್ತಮರದು 5,300, ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರದು 3,400. ಇದನ್ನಾಧರಿಸಿ 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ಎಂಬ ಲೇಖಕರು ಹತ್ತು ಸಾವಿರ ಗಂಟೆಗಳ ಸೂತ್ರವೊಂದನ್ನು ಜನಪ್ರಿಯಗೊಳಿಸಿದರು. ಎರಿಕ್ಸನ್ ಅದನ್ನು ಒಪ್ಪಲಿಲ್ಲ. ಗಂಟೆಗಳ ರಾಶಿ ಮುಖ್ಯವಲ್ಲ, ಆ ಗಂಟೆಗಳೊಳಗೆ ನಡೆದದ್ದು ಮುಖ್ಯ ಎಂಬುದು ಅವರ ವಾದ. 2016ರಲ್ಲಿ ರಾಬರ್ಟ್ ಪೂಲ್ ಅವರೊಡನೆ ಬರೆದ ಪುಸ್ತಕದಲ್ಲಿ ಉದ್ದೇಶಪೂರ್ವಕವಾದ ಅಭ್ಯಾಸಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ನಿರ್ದಿಷ್ಟವಾದ ಗುರಿ, ಪೂರ್ಣ ಗಮನ, ತಪ್ಪನ್ನು ಒಡನೆಯೇ ತಿಳಿಸುವ ಉಪಾಯ, ಮತ್ತು ಸುಲಭವಾದುದರಿಂದ ಒಂದು ಹೆಜ್ಜೆ ಆಚೆಗೆ ಹೋಗುವ ಧೈರ್ಯ.

ಅಭ್ಯಾಸವೊಂದೇ ಎಲ್ಲವನ್ನೂ ಮಾಡುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2014ರ ಸಂಶೋಧನೆಯೊಂದು, ಸಂಗೀತಗಾರರ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು 21 ಪಾಲನ್ನು ಮಾತ್ರ, ನೂರಕ್ಕೆ ಎಣಿಸಿದರೆ, ಅಭ್ಯಾಸದಿಂದ ವಿವರಿಸಬಹುದೆಂದು ತೋರಿಸಿತು. ಉಳಿದದ್ದರಲ್ಲಿ ಹುಟ್ಟುಗುಣಕ್ಕೂ ಕಲಿಕೆ ಆರಂಭಿಸಿದ ವಯಸ್ಸಿಗೂ ಇತರ ಅನೇಕ ಕಾರಣಗಳಿಗೂ ಪಾಲಿರಬಹುದು. ಆದರೆ ಅವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ. ಈ ಒಂದು ಪಾಲು ನಮ್ಮ ಕೈಯಲ್ಲಿದೆ.

ಅದನ್ನು ಬಳಸುವ ಬಗೆ ಹೇಗೆ? ದಿನಕ್ಕೆ ಅರ್ಧ ಗಂಟೆಯ ಬಿಡುವಿರುವ ಗೃಹಸ್ಥನನ್ನೇ ನೆನೆಯೋಣ. ಮೊದಲ ಐದು ನಿಮಿಷ ಬೆರಳು ಸಡಿಲಿಸುವ ಸ್ವರವರಿಸೆ. ಮುಂದಿನ ಹತ್ತು ನಿಮಿಷ ಆ ದಿನದ ಒಂದು ತೊಡಕು: ಎಡವುವ ತಿರುವಿನ ಹಿಂದಿನ ಒಂದು ತಾಳಮಾತ್ರೆ, ಮುಂದಿನ ಒಂದು, ಅಷ್ಟೇ. ಮೆಟ್ರೊನೋಮನ್ನು ನಿಮಿಷಕ್ಕೆ ಐವತ್ತು ಬಡಿತಕ್ಕೆ ಇಟ್ಟು, ತಪ್ಪಿಲ್ಲದೆ ಐದು ಸಲ ಬಂದರೆ ನಾಲ್ಕು ಬಡಿತ ಏರಿಸುವುದು. ತಪ್ಪಿದರೆ ನಾಚಿಕೆಯಿಲ್ಲದೆ ಇಳಿಯುವುದು. ಅನಂತರ ಹತ್ತು ನಿಮಿಷ, ಹಿಂದೆ ಕಲಿತ ಎರಡು ಮೂರು ಪಾಠಗಳನ್ನು ಅದಲು ಬದಲಾಗಿ ನುಡಿಸುವುದು. ಕೈಚಳಕದ ಕೆಲಸಗಳನ್ನು ಹೀಗೆ ಬೆರೆಸಿ ಕಲಿತವರು ಕಲಿಯುವಾಗ ಹಿಂದೆ ಬಿದ್ದಂತೆ ಕಂಡರೂ, ದಿನ ಕಳೆದ ಮೇಲೆ ಅವರ ನೆನಪೇ ಗಟ್ಟಿಯಾಗಿ ಉಳಿಯಿತೆಂದು ಅಮೆರಿಕದ ಶಿಯಾ ಮತ್ತು ಮಾರ್ಗನ್ ಎಂಬವರು 1979ರಲ್ಲಿಯೇ ತೋರಿಸಿದ್ದಾರೆ. ಕೊನೆಯ ಐದು ನಿಮಿಷ ಇಷ್ಟವಾದ ಹಾಡು, ಸಂತೋಷಕ್ಕಾಗಿ, ತಪ್ಪೆಣಿಸದೆ. ಇನ್ನೊಂದು ಎಚ್ಚರಿಕೆ: ಬೆರಳತುದಿಯ ಉರಿ ಆರಂಭದಲ್ಲಿ ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ, ಮಣಿಕಟ್ಟಿನ ನೋವು ಸಹಜವಲ್ಲ. ಅದು ಬಂದಾಗ ಹಟ ಹಿಡಿಯದೆ ವಾದ್ಯವನ್ನು ಕೆಳಗಿಡಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನುಡಿಸುವವನ ಕಿವಿ ನುಡಿಸುವ ಕೈಗೆ ಪಕ್ಷಪಾತಿ. ಆದ್ದರಿಂದಲೇ ಗುರುವಿನ ಕಿವಿ ಬೇಕಾಗುತ್ತದೆ. ಶೇಷಣ್ಣನವರ ಬಳಿ ಕಲಿತ ವೆಂಕಟಗಿರಿಯಪ್ಪನವರು, ವೆಂಕಟಗಿರಿಯಪ್ಪನವರ ಬಳಿ ಕಲಿತ ದೊರೆಸ್ವಾಮಿ ಅಯ್ಯಂಗಾರ್ಯರು, ಹೀಗೆ ಮೈಸೂರಿನ ವೀಣೆಯ ಬಾನಿ ಕೈಯಿಂದ ಕೈಗೆ ಬಂದದ್ದು ಕಿವಿಯ ಕಾವಲಿನಲ್ಲಿ. ಪರಂಪರೆಯೇ ಇಲ್ಲದ ವಾದ್ಯವನ್ನು ಹಿಡಿದವರ ಪಾಡು ಇನ್ನೂ ಕಠಿನ. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಆ ವಾದ್ಯದಲ್ಲಿ ನಮ್ಮ ಗಮಕಗಳನ್ನು ಒಲಿಸಿಕೊಳ್ಳಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತೆನ್ನುತ್ತಾರೆ. ಅವರ ಮುಂದೆ ಇದ್ದದ್ದು ಸ್ಪಷ್ಟವಾದ ಒಂದು ಸಮಸ್ಯೆ: ಬಿಡಿಸ್ವರಗಳಿಗಾಗಿ ಕೀಲಿ ಜೋಡಿಸಿದ ವಾದ್ಯದಲ್ಲಿ ಸ್ವರಗಳ ನಡುವಣ ಜಾರು ದಾರಿಯನ್ನು ಕಂಡುಹಿಡಿಯುವುದು. ಅದಕ್ಕಾಗಿ ಅವರು ವಾದ್ಯವನ್ನೇ ತುಸು ಮಾರ್ಪಡಿಸಿದರು. ಅದಕ್ಕೆ ಶಾಸ್ತ್ರೀಯ ಸಂಗೀತದ ಗುರುಗಳ ಕಿವಿಯ ಆಸರೆ ಪಡೆದರು.

ಗುರು ದೊರೆಯದ ದಿನಗಳಲ್ಲಿ ಇಂದಿನವರಿಗೆ ಕಿಸೆಯೊಳಗಿನ ಫೋನೇ ಅಲ್ಪಸ್ವಲ್ಪ ಆ ಕೆಲಸ ಮಾಡಬಲ್ಲದು. ಒಂದು ನಿಮಿಷದ ವಾದನವನ್ನು ಮುದ್ರಿಸಿಕೊಂಡು, ಮರುದಿನ, ಬೇರೆ ಯಾರೋ ನುಡಿಸಿದ್ದೆಂಬಂತೆ ಕೇಳಿಸಿಕೊಳ್ಳಬೇಕು. ಎಲ್ಲಿ ಲಯ ಜಾರಿತು, ಯಾವ ತಂತಿ ಮೂಕವಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ಆ ಸಾಲೇ ಮುಂದಿನ ದಿನದ ಪಾಠ.

“ನನಗೆ ಯೋಗವಿಲ್ಲ” ಎನ್ನುವವರಿಗೆ ನನ್ನ ವಿನಂತಿ ಇಷ್ಟೆ. ಆ ಮಾತನ್ನು ಆಡುವ ಮೊದಲು ತಾವು ಎಡವುತ್ತಿರುವುದು ಯಾವ ಸ್ವರದಲ್ಲಿ, ಯಾವ ಬೆರಳಿನಲ್ಲಿ ಎಂದು ಹೇಳಬಲ್ಲಿರಾ ನೋಡಿಕೊಳ್ಳಿ. ಹೇಳಲಾರಿರಾದರೆ ವಿಚಾರಣೆ ಇನ್ನೂ ಆರಂಭವಾಗಿಲ್ಲವೆಂದೇ ಅರ್ಥ. ಹೇಳಬಲ್ಲಿರಾದರೆ ಬೀರುವಿನ ಮೇಲಿನ ಗಿಟಾರನ್ನು ಕೆಳಗಿಳಿಸಲು ಅಷ್ಟು ಸಾಕು. ಈ ಸಂಜೆಯ ಹತ್ತು ನಿಮಿಷಕ್ಕೆ ಬೇಕಾದ ಕೆಲಸ ನಿಮಗೆ ಸಿಕ್ಕಿದೆ.