ಹಿಮದ ಮನೆ, ಮಣ್ಣಿನ ಗೋಡೆ ಮತ್ತು ಕ್ಯಾಮೆರಾ

ಸಾಂಪ್ರದಾಯಿಕ ಮನೆ ಕಟ್ಟುವ ಬಗೆಯನ್ನು ಹಂತಹಂತವಾಗಿ ತೋರಿಸುವ ಹಳೆಯ ಬೋಧನ ಚಿತ್ರಗಳಲ್ಲಿ ‘ಹೌ ಟು ಬಿಲ್ಡ್ ಆ್ಯನ್ ಇಗ್ಲೂ’ ಪ್ರಸಿದ್ಧವಾದುದು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ 1949ರಲ್ಲಿ ಇದನ್ನು ನಿರ್ದೇಶಿಸಿದವರು ಡಗ್ಲಾಸ್ ವಿಲ್ಕಿನ್ಸನ್. ಇನ್ಯೂಟ್ ಜನಾಂಗದ ಇಬ್ಬರು ಚಾಕುವಿನಿಂದಲೇ ಗಟ್ಟಿ ಹಿಮವನ್ನು ಕತ್ತರಿಸಿ, ತುಂಡುಗಳನ್ನು ಸುರುಳಿಯಾಗಿ ಜೋಡಿಸಿ, ಒಂದೂವರೆ ಗಂಟೆಯಲ್ಲಿ ಮನೆ ಮುಗಿಸುತ್ತಾರೆ. ಚಿತ್ರದ ಅವಧಿ ಸುಮಾರು 10 ನಿಮಿಷ. ಹಿಮದ ಹರಳುಗಳ ನಡುವೆ ಸಿಕ್ಕಿಕೊಂಡ ಗಾಳಿಯು ಉಷ್ಣದ ಅವಾಹಕವಾದುದರಿಂದ ಒಳಗಿನ ಕಾವು ಸುಲಭವಾಗಿ ಹೊರಹೋಗುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಹಳೆಯ ಮಣ್ಣಿನ ಗೋಡೆಗಳ ಕೆಲಸ ಬೇರೆ ಬಗೆಯದು. ಇವು ಉಷ್ಣವನ್ನು ಹೀರಿಟ್ಟುಕೊಂಡು ತಡವಾಗಿ ಒಳಕ್ಕೆ ಬಿಡುತ್ತವೆ. ಒಣಮಣ್ಣಿನ ಸಾಂದ್ರತೆ ಘನಮೀಟರಿಗೆ 1700 ಕಿಲೋಗ್ರಾಂ, ಉಷ್ಣವಾಹಕತೆ 0.7 ವಾಟ್/ಮೀಟರ್-ಕೆಲ್ವಿನ್, ವಿಶಿಷ್ಟೋಷ್ಣ 900 ಜೌಲ್/ಕಿಲೋಗ್ರಾಂ-ಕೆಲ್ವಿನ್ ಎಂದಿಟ್ಟುಕೊಳ್ಳೋಣ. ಆಗ ದಿನದ ಉಷ್ಣದ ಅಲೆ 30 ಸೆಂಟಿಮೀಟರ್ ಗೋಡೆಯನ್ನು ದಾಟಲು ಸುಮಾರು 10 ಗಂಟೆ ಬೇಕೆಂದು ಲೆಕ್ಕ ಸಿಗುತ್ತದೆ. ಮಧ್ಯಾಹ್ನ 3ರ ಬಿಸಿಲಿನ ಪರಿಣಾಮ ಒಳಮೈಗೆ ಬರುವುದು ರಾತ್ರಿ 1ರ ಹೊತ್ತಿಗೆ, ಅದೂ ಬಹಳಷ್ಟು ಕುಗ್ಗಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಬಿದಿರ ತಡಿಕೆಗೆ ಮಣ್ಣು ಮೆತ್ತಿದ ಗೋಡೆ ತೆಳು. ಅದರಲ್ಲಿ ಈ ವಿಳಂಬ ಕಡಿಮೆ.

ಮಣ್ಣಿನ ಗೋಡೆಯನ್ನು ಒಂದೂವರೆ ಗಂಟೆಯಲ್ಲಿ ಏರಿಸಲಾಗದು. ಕಲಸಿ, ತುಳಿದು, ಹದಮಾಡಿದ ಮಣ್ಣಿನ ಒಂದು ಪದರ ಆರಿದ ಮೇಲೆಯೇ ಮುಂದಿನದು. ನೀರು ಆವಿಯಾದಂತೆ ಜೇಡಿಯ ಕಣಗಳು ಹತ್ತಿರ ಸರಿದು ಬಿಗಿಯುತ್ತವೆ. ಅವಸರಪಟ್ಟರೆ ಹಸಿ ಪದರವು ಮೇಲಿನ ಭಾರಕ್ಕೆ ಉಬ್ಬುತ್ತದೆ. ಬಿರುಬಿಸಿಲಿನಲ್ಲಿ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹೀಗೆ ಗೋಡೆಗೆ ಬಲ ಬರುವುದು ಕಾಯುವಿಕೆಯಲ್ಲಿ. ಸಂಕಲನದಲ್ಲಿ ಮೊದಲು ಕತ್ತರಿಗೆ ಸಿಗುವುದೂ ಅದೇ!

ಚಿತ್ರವನ್ನು ಪೂರ್ತಿ ನಂಬುವಂತೆಯೂ ಇಲ್ಲ. 1922ರ ‘ನಾನೂಕ್ ಆಫ್ ದ ನಾರ್ತ್’ ಚಿತ್ರದಲ್ಲಿ ಇಗ್ಲೂವಿನ ಒಳಗಿನ ದೃಶ್ಯಗಳಿಗೆ ಬೆಳಕು ಸಾಲದೆ, ಒಂದು ಬದಿ ತೆರೆದ ಇಗ್ಲೂವನ್ನೇ ಬಳಸಬೇಕಾಯಿತು.

ಸಿಮೆಂಟ್ ಮನೆಗಳು ಹೆಚ್ಚಿದಂತೆ ಮಣ್ಣಿನ ಹದ ಬಲ್ಲ ಹಿರಿಯರು ವಿರಳರಾಗುತ್ತಿದ್ದಾರೆ. ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಅವರ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಬಹುದು. ಗೋಡೆಯ ಪಕ್ಕದಲ್ಲಿ ಅಳತೆಪಟ್ಟಿ ಕಾಣುವಂತಿರಲಿ. ಪ್ರತಿ ಪದರದ ದಿನಾಂಕ, ದಪ್ಪ, ಆರಲು ಹಿಡಿದ ದಿನಗಳು, ಮಣ್ಣಿಗೆ ಬೆರೆಸಿದ ನೀರು ಮತ್ತು ಹುಲ್ಲಿನ ಪ್ರಮಾಣ ಇವು ಟಿಪ್ಪಣಿಯಲ್ಲಿರಲಿ. ಗೋಡೆಯ ಒಳಮೈ, ಹೊರಮೈಗಳ ಉಷ್ಣತೆಯನ್ನು ಗಂಟೆಗೊಮ್ಮೆ ಒಂದು ದಿನವಿಡೀ ಅಳೆದರೆ, ಮೇಲಿನ 10 ಗಂಟೆಯ ಲೆಕ್ಕವನ್ನು ನಿಮ್ಮೂರಿನ ಗೋಡೆಯಲ್ಲೇ ಪರೀಕ್ಷಿಸಬಹುದು.