ಕೆನ್ನೆಯೊಳಗಿನ ಕಡ್ಡಿ

1963ರ ಮಾರ್ಚ್. ಅಮೆರಿಕದ ಫಿಲಡೆಲ್ಫಿಯಾ ಬಳಿ ಐದು ವರ್ಷದ ಜೆರಿಲ್ ಲಿನ್ ನಡುರಾತ್ರಿ ಗಂಟಲು ನೋವೆಂದು ಅಪ್ಪನನ್ನು ಎಬ್ಬಿಸಿದಳು. ದವಡೆ ಊದಿತ್ತು. ಅಪ್ಪ ಮಾರಿಸ್ ಹಿಲ್ಲೆಮನ್ ಮರ್ಕ್ ಕಂಪನಿಯ ಲಸಿಕಾ ವಿಜ್ಞಾನಿ. ಮಗಳನ್ನು ಮಲಗಿಸಿ, ಪ್ರಯೋಗಾಲಯಕ್ಕೆ ಕಾರು ಓಡಿಸಿ ಕಡ್ಡಿ ಮತ್ತು ಪೋಷಕದ್ರವ ತಂದರು. ಅವಳ ಗಂಟಲು ಒರೆಸಿದ ಆ ಮಾದರಿಯನ್ನು ಮತ್ತೆ ಒಯ್ದು ಫ್ರೀಜರಿನಲ್ಲಿಟ್ಟರು. 1967ರಲ್ಲಿ ಪರವಾನಗಿ ಪಡೆದ ಮಂಗನಬಾವಿನ ಲಸಿಕೆ ಹುಟ್ಟಿದ್ದು ಆ ಕಡ್ಡಿಯ ತುದಿಯಿಂದ. ಲಸಿಕೆಯ ವೈರಸ್ ತಳಿಗೆ ಇವತ್ತಿಗೂ ಆ ಹುಡುಗಿಯದೇ ಹೆಸರು.

ನಮ್ಮಲ್ಲಿ ಮಂಗನಬಾವು, ಗದ್ದಬಾವು, ಕೆಪ್ಪಟರಾಯ ಎಂದೆಲ್ಲ ಕರೆಸಿಕೊಳ್ಳುವ ಈ ಕಾಯಿಲೆಯನ್ನು ಮುಖ ನೋಡಿಯೇ ಹೇಳುವುದು ವಾಡಿಕೆ. ಆದರೆ ಫ್ಲೂ ವೈರಸ್ಸೂ ಕೆನ್ನೆ ಊದಿಸಬಲ್ಲದು, ಜೊಲ್ಲಿನ ನಾಳಕ್ಕೆ ಸಿಕ್ಕಿಕೊಂಡ ಕಲ್ಲೂ ಊದಿಸಬಲ್ಲದು. ಹಾಸ್ಟೆಲಿನಲ್ಲಿ ಒಬ್ಬರ ಹಿಂದೊಬ್ಬರು ಮಲಗಿದಾಗ, ಲಸಿಕೆ ಹಾಕಿಸಿಕೊಂಡವರಿಗೇ ಕಾಯಿಲೆ ಬಂದಾಗ ಊಹೆ ಸಾಲದು, ಪ್ರಯೋಗಾಲಯದ ಪರೀಕ್ಷೆ ಬೇಕು.

ಈಗ ಮೊದಲು ಒರೆಸುವುದು ಗಂಟಲನ್ನಲ್ಲ, ಕೆನ್ನೆಯ ಒಳಭಾಗವನ್ನು. ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿಯ ಜೊಲ್ಲು ಹರಿದು ಬರುವ ಸಣ್ಣ ಕಿಂಡಿ ಮೇಲಿನ ಎರಡನೆಯ ದವಡೆಹಲ್ಲಿನ ಎದುರಿಗಿದೆ. ನಾಲಿಗೆ ತಾಗಿಸಿದರೆ ಪುಟ್ಟ ಉಬ್ಬಿನಂತೆ ಸಿಗುತ್ತದೆ. ಹೊರಗಿನಿಂದ ಗ್ರಂಥಿಯನ್ನು ಸುಮಾರು 30 ಸೆಕೆಂಡು ಮೆಲ್ಲಗೆ ನೀವಿ, ಜೊಲ್ಲು ಒಸರಿದ ಮೇಲೆ ಅಲ್ಲಿ ಕಡ್ಡಿ ಆಡಿಸಬೇಕು. ನೋವಿನ ಕೆನ್ನೆಯನ್ನು ಮುಟ್ಟಗೊಡದ ಮಗುವಿನ ಮುಂದೆ ಅರ್ಧ ನಿಮಿಷವೆಂದರೆ ಅರ್ಧ ಗಂಟೆ! ಅವಸರದಲ್ಲಿ ಹಲ್ಲುಸಂದಿಯಲ್ಲಿ ಕಡ್ಡಿ ತಿರುಗಿಸಿ ಮುಗಿಸಿದರೆ ಮುಂದಿನ ಪರೀಕ್ಷೆಯೆಲ್ಲ ಬರೀ ಖರ್ಚು. ಕಡ್ಡಿಯ ತುದಿ ಪಾಲಿಯೆಸ್ಟರಿನಂಥ ಕೃತಕ ನಾರಿನದಾಗಿರಬೇಕು. ಮರದ ಹಿಡಿಯ ಹತ್ತಿಕಡ್ಡಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡಿಯಾಗಬಹುದು.

ದಿನದ ಲೆಕ್ಕವೂ ಮುಖ್ಯ. ಬಾವು ಕಂಡ ಮೂರು ದಿನದೊಳಗೆ ತೆಗೆದ ಮಾದರಿಯಲ್ಲಿ ವೈರಸ್ ಸಿಗುವ ಸಾಧ್ಯತೆ ಹೆಚ್ಚು. ಎಂಟು ದಿನ ದಾಟಿದರೆ ಆಸೆ ಕಡಿಮೆ. ರಕ್ತದ ನಡೆ ಬೇರೆ. ಅದರಲ್ಲಿ ಹುಡುಕುವ ಐಜಿಎಂ ಪ್ರತಿಕಾಯ ಐದನೆಯ ದಿನದವರೆಗೆ ಕಾಣದೆ ಇರಬಹುದು, ಲಸಿಕೆ ಪಡೆದವರಲ್ಲಿ ಕಾಣದೆಯೇ ಹೋಗಬಹುದು. ಆದ್ದರಿಂದ ಎರಡನ್ನೂ ಕಳಿಸುವುದು ಜಾಣತನ.

ಕಡ್ಡಿ ಸುಮಾರು ಎರಡು ಮಿಲಿಲೀಟರ್ ಸಾಗಣೆ ದ್ರವದಲ್ಲಿ ಮುಳುಗುತ್ತದೆ. ಈ ವೈರಸ್ಸಿನ ಮೇಲ್ಪದರ ಕೊಬ್ಬಿನದು, ಸೆಕೆ ತಡೆಯದು. 4 ಡಿಗ್ರಿಯ ತಂಪಿನಲ್ಲಿ 24 ಗಂಟೆಯೊಳಗೆ ಹೊರಟರೆ ಸರಿ. ತಡವಾಗುವುದಾದರೆ ಮೈನಸ್ 70 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಡ್ರೈ ಐಸ್‌ನಲ್ಲಿ ಕಳಿಸಬೇಕು. ಇಟ್ಟು ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವ ಆಟ ಸಲ್ಲದು. ರಕ್ತವನ್ನಂತೂ ಹಾಗೆಯೇ ಹೆಪ್ಪುಗಟ್ಟಿಸಿದರೆ ಕಣಗಳೊಡೆದು ಕೆಡುತ್ತದೆ. ಮೊದಲು ಸೀರಮ್ ಬೇರ್ಪಡಿಸಬೇಕು.

ಪೊಟ್ಟಣ ಮೂರು ಸುತ್ತಿನದು: ಕೊಳವೆ, ಚೆಲ್ಲಿದ್ದನ್ನು ಹೀರುವ ವಸ್ತುವಿನೊಡನೆ ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ಮೇಲೆ ಯುಎನ್ 3373 ಎಂಬ ಗುರುತು. ಡ್ರೈ ಐಸ್ ಇದ್ದರೆ ಹೊರಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿಯಬಾರದು, ಅನಿಲ ತುಂಬಿ ಸಿಡಿದೀತು. ಕೊಳವೆಯ ಮೇಲಿನ ಹೆಸರೂ ಚೀಟಿಯ ಹೆಸರೂ ಒಂದೇ ಇರಬೇಕು. ಚೀಟಿಯಲ್ಲಿ ಬಾವು ಶುರುವಾದ ದಿನ, ಮಾದರಿ ತೆಗೆದ ದಿನ, ಲಸಿಕೆಯ ವಿವರ ಬೇಕು. ಒಂಬತ್ತನೆಯ ದಿನದ ಕಡ್ಡಿಯಲ್ಲಿ ‘ನೆಗೆಟಿವ್’ ಬಂದರೆ ಮಂಗನಬಾವು ಅಲ್ಲವೆನ್ನಲು ಬಾರದು, ಆದರೆ ತಾರೀಖೇ ಇಲ್ಲದ ಚೀಟಿಯಿಂದ ಅದು ಒಂಬತ್ತನೆಯ ದಿನವೆಂದು ಪ್ರಯೋಗಾಲಯದವರಿಗೆ ತಿಳಿಯುವುದಾದರೂ ಹೇಗೆ?